ಇಂಧನ ದಕ್ಷತಾ ನೀತಿ: ಭಾರತ

ಅಷ್ಟೇ ಬೆಳಕು, ಅಷ್ಟೇ ತಂಪು, ಅಷ್ಟೇ ನೀರು ಕಡಿಮೆ ಇಂಧನದಲ್ಲಿ ಸಿಗುವಂತೆ ಸರ್ಕಾರ ರೂಪಿಸುವ ಕಾನೂನು, ಮಾನಕ ಮತ್ತು ಯೋಜನೆಗಳ ಒಟ್ಟು ಹೆಸರು. ಭಾರತದಲ್ಲಿ ಇದರ ತಳಹದಿ 2001ರ ಇಂಧನ ಸಂರಕ್ಷಣಾ ಕಾಯ್ದೆ. ಅದರ ಜಾರಿಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೊ ಹುಟ್ಟಿತು. ಮಿತವಾಗಿ ಬಳಸಿ ಎಂಬ ಉಪದೇಶಕ್ಕಿಂತ, ಸಲಕರಣೆ ಕೊಳ್ಳುವ ಹೊತ್ತಿನಲ್ಲಿ ಕೈಹಾಕಿದ ಕ್ರಮಗಳೇ ಹೆಚ್ಚು ಫಲ ಕೊಟ್ಟಿವೆ ಎನ್ನಬಹುದು. ದೊಡ್ಡ ಕೈಗಾರಿಕೆಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟು, ಗುರಿ ಮೀರಿದವರು ಪ್ರಮಾಣಪತ್ರ ಮಾರಲು ಅವಕಾಶವಿತ್ತ ‘ಪ್ಯಾಟ್’ ಯೋಜನೆ 2012ರದು.

ನಕ್ಷತ್ರದ ಚೀಟಿ

ಫ್ರಿಜ್, ಏಸಿಗಳ ಮೇಲಿನ ನಕ್ಷತ್ರದ ಚೀಟಿ 2006ರಲ್ಲಿ ಐಚ್ಛಿಕವಾಗಿ ಬಂತು. 2010ರಿಂದ ಕೆಲವು ಸಲಕರಣೆಗಳಿಗೆ ಕಡ್ಡಾಯವಾಯಿತು. ಏಸಿಯ ಅಳತೆಗೋಲು ‘ಐಸೀರ್’: ವರ್ಷದಲ್ಲಿ ಅದು ಹೊರಹಾಕುವ ಶಾಖವನ್ನು ಅದಕ್ಕೆ ತಗಲುವ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ. 2018ರಲ್ಲಿ 4.5 ಮುಟ್ಟಿದ ಸ್ಪ್ಲಿಟ್ ಏಸಿಗೆ ಐದು ನಕ್ಷತ್ರ ಸಿಗುತ್ತಿತ್ತು. 2022ರ ಜುಲೈ ನಂತರ ಅದೇ ಯಂತ್ರಕ್ಕೆ ನಾಲ್ಕೇ, ಐದಕ್ಕೆ 5.0 ಬೇಕಾಯಿತು. ಚೀಟಿಯ ನಿಜವಾದ ಬಲ ಇರುವುದು ಹೀಗೆ ಮಟ್ಟ ಏರಿಸುತ್ತ ಹೋಗುವುದರಲ್ಲಿ. ಹಾಗಾಗಿ ನಕ್ಷತ್ರ ಎಣಿಸುವಾಗ ಚೀಟಿಯ ವರ್ಷವನ್ನೂ ನೋಡಬೇಕು. ದಕ್ಷ ಯಂತ್ರ ದುಬಾರಿ, ಬಡವರಿಗೆ ಎಟುಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಟ್ಟದ್ದು ಎಲ್‌ಇಡಿ ಬಲ್ಬು. ಸರ್ಕಾರಿ ವಿದ್ಯುತ್ ಸಂಸ್ಥೆಗಳ ಜಂಟಿ ಕಂಪನಿ ಇಇಎಸ್‌ಎಲ್, ದೇಶದ ಬೇಡಿಕೆಯನ್ನು ಒಟ್ಟುಗೂಡಿಸಿ ಟೆಂಡರ್ ಕರೆಯಿತು. 2014ರ ಆರಂಭದಲ್ಲಿ ಸುಮಾರು 310 ರೂಪಾಯಿ ಇದ್ದ ಖರೀದಿ ದರ ಮೂರೇ ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು. 2015ರ ಜನವರಿಯಲ್ಲಿ ಶುರುವಾದ ‘ಉಜಾಲಾ’ದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು, ಕರ್ನಾಟಕದಲ್ಲಿ ಇದು ‘ಹೊಸ ಬೆಳಕು’. ಆಗ ಜಗತ್ತಿನಾದ್ಯಂತ ಎಲ್‌ಇಡಿ ಅಗ್ಗವಾಗುತ್ತಿದ್ದುದು ನಿಜ. ಆದರೂ ಇಷ್ಟು ಬೇಗ ಬೆಲೆ ಕುಸಿದದ್ದರಲ್ಲಿ ಸಗಟು ಖರೀದಿಯ ಪಾಲು ದೊಡ್ಡದೆಂದೇ ತೋರುತ್ತದೆ. ಉಳಿತಾಯದ ಅಂಕಿಗಳನ್ನು ಮಾತ್ರ ಎಚ್ಚರದಿಂದ ಓದಬೇಕು; ಬಲ್ಬು ದಿನಕ್ಕೆ ಇಷ್ಟು ಗಂಟೆ ಉರಿಯುತ್ತದೆಂಬ ಊಹೆಯ ಮೇಲೆ ಅವು ನಿಂತಿವೆ.

ಪಂಪ್‌ಸೆಟ್ಟಿನ ಪ್ರಶ್ನೆ

ನೀತಿ ಎಡವಿದ್ದು ಹೊಲದ ಬೋರ್‌ವೆಲ್ ಬಳಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹಲವಕ್ಕೆ ಮೀಟರೂ ಇಲ್ಲ. ಬಿಲ್ಲೇ ಬಾರದ ರೈತ ಹೆಚ್ಚು ಹಣ ತೆತ್ತು ದಕ್ಷ ಪಂಪು ಕೊಳ್ಳಲು ಕಾರಣವಿಲ್ಲ. ಉಚಿತ ವಿದ್ಯುತ್ ನಿಲ್ಲಿಸುವುದೇ ಪರಿಹಾರವೆಂಬ ವಾದವಿದೆ. ಆದರೆ ಮಳೆ ನಂಬಲಾಗದ ಸೀಮೆಯಲ್ಲಿ ಅದು ಬೇಸಾಯಗಾರನ ಮೇಲೆ ಬೀಳುವ ಬರೆ. ಸಬ್ಸಿಡಿ ತುಂಬುವುದು ಸರ್ಕಾರವಾದ್ದರಿಂದ ಉಳಿತಾಯವೂ ಸರ್ಕಾರದ್ದೇ; ಹಳೆಯ ಪಂಪು ಬದಲಿಸುವ ಖರ್ಚನ್ನೂ ಅದೇ ಹೊರುವುದು ನ್ಯಾಯ, ಲಾಭವೂ ಹೌದು. ಇಲ್ಲೊಂದು ಎಚ್ಚರಿಕೆ ಬೇಕು: ಮೀಟರಿಲ್ಲದೆ ಪಂಪು ಮಾತ್ರ ಬದಲಾದರೆ, ಅದೇ ವಿದ್ಯುತ್ತಿನಲ್ಲಿ ಇನ್ನಷ್ಟು ಅಂತರ್ಜಲ ಮೇಲೆ ಬಂದೀತು.