ಗಡುವು, ವಹಿ, ದಾಮದುಪ್ಪಟ್: ಸೊಲ್ಲಾಪುರ ಸೀಮೆಯ ಉದ್ರಿಯಿಂದ ಕ್ರೆಡಿಟ್ ಕಾರ್ಡಿನವರೆಗೆ

ಗಡಿನಾಡ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಲೆ, ಶಾಸನ, ಮಹಾಜನ ವರದಿ ಇಷ್ಟರ ಸುತ್ತಲೇ ತಿರುಗುತ್ತೇವೆ. ನಾನು ಇವತ್ತು ಕಿರಾಣಿ ಅಂಗಡಿಯ ಕಡೆ ಹೋಗ್ತೀನಿ. ಸಾಹಿತ್ಯ ಓದುವವರಿಗೆ ಬಡ್ಡಿಯ ಲೆಕ್ಕ ಯಾಕೆ ಬೇಕು ಅಂತ ಕೇಳಬಹುದು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಪದಗಳು.

ನಾನು ಕೇಳುವ ಪ್ರಶ್ನೆ ಒಂದೇ: ದಿನದಿನದ ಖರ್ಚಿಗೆ ಸಾಲ ಮಾಡಿದ ಮನುಷ್ಯನನ್ನು ಬಡ್ಡಿಯಿಂದ ಕಾಯುತ್ತಿದ್ದದ್ದು ಏನು? ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಚರಿತ್ರೆಯಲ್ಲಿ ನನಗೆ ಮೂರು ಕಾವಲು ಕಾಣುತ್ತವೆ: ಗಡುವು, ವಹಿ, ದಾಮದುಪ್ಪಟ್. ಇವತ್ತಿನ ಕ್ರೆಡಿಟ್ ಕಾರ್ಡಿನ ಹೊತ್ತಿಗೆ ಈ ಮೂರರಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂಬುದು ಈ ಪ್ರಬಂಧದ ವಿಷಯ.

ಕೈಗಡ ಬೇರೆ, ಸಾಲ ಬೇರೆ

ಮೊದಲು ಪದಗಳನ್ನು ನೋಡೋಣ. 'ಕಡ' ನಮ್ಮದೇ ಪದ. ತಮಿಳಿನ ಕಡನ್, ಮಲಯಾಳದ ಕಡಂ ಅದರ ಒಡಹುಟ್ಟಿದವು. ಹೊಸೂರಿನವರಿಗೂ ಕಾಸರಗೋಡಿನವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಬಡ್ಡಿ' ಸಂಸ್ಕೃತದ ವೃದ್ಧಿಯ ತದ್ಭವ, ಬೆಳೆಯುವುದು ಎಂದು ಅರ್ಥ. ದೇವಸ್ಥಾನದ ದೀಪಕ್ಕೆಂದು ಹಣ ಇಟ್ಟು, ಮೂಲಧನ ಮುಟ್ಟದೆ ಬಡ್ಡಿಯಲ್ಲೇ ಎಣ್ಣೆ ನಡೆಸಬೇಕೆಂದು ಬರೆಸಿದ ದತ್ತಿ ಶಾಸನಗಳು ಕನ್ನಡದಲ್ಲಿ ಎಷ್ಟೋ ಇವೆ. ಅಲ್ಲಿ ಬಡ್ಡಿ ಪುಣ್ಯದ ಕಡೆ ಇರುತ್ತದೆ. 'ಅಸಲು', 'ಬಾಕಿ' ಅರಬ್ಬೀ ಮೂಲದವು, ಆಡಳಿತದ ದಾರಿಯಿಂದ ಬಂದವು. 'ಉದ್ರಿ', 'ವಹಿ', 'ಪಗಾರ' ಇವನ್ನು ನಾವು ಮರಾಠಿಯ ಜೊತೆ ಹಂಚಿಕೊಂಡಿದ್ದೇವೆ. ಒಂದು ಅಂಗಡಿಯ ಮಾತಿನೊಳಗೆ ನಾಲ್ಕು ಭಾಷೆಯ ಲೆಕ್ಕ ಇದೆ.

ಈ ಪದಗಳ ನಡುವೆ ಒಂದು ಗೆರೆ ಇದೆ. ಕೈಗಡ ಅಂದರೆ ಪತ್ರ ಇಲ್ಲ, ಬಡ್ಡಿ ಇಲ್ಲ. ಆದರೆ ಬೇಗ ತಿರುಗಿಸಬೇಕು. ಉದ್ರಿ ಅಂದರೆ ಸಾಮಾನು ಇವತ್ತು, ರೊಕ್ಕ ಗಡುವಿಗೆ. ಸಾಲ ಅಂದರೆ ಪತ್ರ, ಬಡ್ಡಿ, ಜಾಮೀನು. ಕೈಗಡ ತಡವಾದರೆ ಸಂಬಂಧ ಕೆಡುತ್ತದೆ, ಸಾಲ ತಡವಾದರೆ ಹೊಲ ಹೋಗುತ್ತದೆ. ಈ ಗೆರೆಯನ್ನು ನಮ್ಮ ಜನ ಪುಸ್ತಕ ಓದಿ ಕಲಿತದ್ದಲ್ಲ. ಕಾರ್ಡಿನ ವಿಷಯಕ್ಕೆ ಬಂದಾಗ ಇದೇ ಗೆರೆ ಮತ್ತೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಮೊದಲ ಕಾವಲು: ಗಡುವು

ಸೊಲ್ಲಾಪುರದಲ್ಲಿ 1877ರಲ್ಲಿ ಬಟ್ಟೆ ಗಿರಣಿ ಶುರುವಾಯಿತು. ಅದನ್ನೇ ಮುಂದೆ ಜನ ಜುನಿ ಮಿಲ್ ಅಂದರು. ಸುತ್ತಲಿನ ಹಳ್ಳಿಗಳಿಂದ ಕನ್ನಡದವರು, ತೆಲುಗಿನ ಪದ್ಮಸಾಲಿಗಳು, ಮರಾಠಿಯವರು ಬಂದು ಸೇರಿದರು. ರೈತನಿಗೆ ದುಡ್ಡು ಬರುವುದು ಸುಗ್ಗಿಯಲ್ಲಿ, ಗಿರಣಿಯವನಿಗೆ ಪಗಾರದ ದಿನ. ಆದ್ದರಿಂದ ಉದ್ರಿಯ ಗಡುವೂ ಸುಗ್ಗಿಯಿಂದ ಪಗಾರಕ್ಕೆ ಬಂತು. 1936ರ ವೇತನ ಪಾವತಿ ಕಾಯ್ದೆ ಈ ದಿನಕ್ಕೊಂದು ಮಿತಿ ಹಾಕಿತು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಾರ್ಖಾನೆ ವೇತನದ ಅವಧಿ ಮುಗಿದ 7 ದಿನದೊಳಗೆ, ದೊಡ್ಡ ಗಿರಣಿ 10 ದಿನದೊಳಗೆ ಪಗಾರ ಕೊಡಬೇಕಾಯಿತು. ಪಗಾರ ತಡವಾದಷ್ಟು ದಿನ ಉದ್ರಿ ಬೆಳೆಯುತ್ತಿತ್ತು ಅನ್ನೋದನ್ನು ಮರೆತರೆ ಈ ಕಾಯ್ದೆಯ ತೂಕ ತಿಳಿಯೋದಿಲ್ಲ. ಅದಕ್ಕೆ ಐದು ವರ್ಷ ಮೊದಲು, 1931ರಲ್ಲಿ, ಕಾರ್ಮಿಕರ ಕುರಿತ ವ್ಹಿಟ್ಲೆ ರಾಯಲ್ ಕಮಿಷನ್ ತನ್ನ ವರದಿಯಲ್ಲಿ ಹೆಚ್ಚಿನ ಕೈಗಾರಿಕಾ ಊರುಗಳಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಜನ ಸಾಲದಲ್ಲಿದ್ದಾರೆ ಎಂದು ಅಂದಾಜು ಮಾಡಿತ್ತು.

ಉದ್ರಿಯ ಗಡುವಿನ ಗುಣ ಏನೆಂದರೆ, ಅದು ಕೊಳ್ಳುವವನ ಆದಾಯಕ್ಕೆ ಅಂಟಿಕೊಂಡಿತ್ತು. ಇದರರ್ಥ ಅಂಗಡಿಯವರೆಲ್ಲ ಧರ್ಮಾತ್ಮರಾಗಿದ್ದರು ಅಂತ ಅಲ್ಲ. ಉದ್ರಿ ಗಿರಾಕಿಗೆ ಬೆಲೆ ಒಂದು ಪೈಸೆ ಹೆಚ್ಚು ಹಿಡಿದರೆ ಬಡ್ಡಿ ಬೆಲೆಯೊಳಗೇ ಅಡಗಿರುತ್ತದೆ. 'ಆಜ್ ರೋಖ್, ಉದ್ಯಾ ಉಧಾರ್' ಎಂಬ ಫಲಕ ನಮ್ಮ ಕಡೆ ಎಲ್ಲರೂ ನೋಡಿದ್ದೇ. ಆದರೂ ಗಡುವು ಯಾವತ್ತು ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು, ಅದು ರೊಕ್ಕ ಕೈಗೆ ಬರುವ ದಿನವೇ ಆಗಿತ್ತು.

ಎರಡನೇ ಕಾವಲು: ವಹಿ

ಸಾವಕಾರನ ವಹಿಯಲ್ಲಿ ಏನಿದೆ ಎಂದು ಸಾಲಗಾರನಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1875 ಉತ್ತರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬಂದಿದ್ದ ಬೆಲೆ 1865ರ ನಂತರ ಬಿತ್ತು, ಕಂದಾಯ ಏರಿತು, ಸಾವಕಾರರು ಹೊಸ ಸಾಲ ಬಿಗಿ ಮಾಡಿದರು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ ರೈತರು ಸಾವಕಾರರ ಮೇಲೆ ಎದ್ದರು. ದಖ್ಖನ್ ದಂಗೆ ಎಂದು ಚರಿತ್ರೆಯಲ್ಲಿ ಹೆಸರಾದದ್ದು ಇದೇ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಜನ ಏನನ್ನು ಹುಡುಕಿ ಸುಟ್ಟರು ಎಂಬುದು: ಸಾಲಪತ್ರ ಮತ್ತು ವಹಿ. ಅವರ ಸಿಟ್ಟು ಕಾಗದದ ಮೇಲಿತ್ತು. ತಾವು ಓದಲಾರದ, ಆದರೆ ಕೋರ್ಟು ನಂಬುವ ಕಾಗದ ಅದು.

ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಅದು ಪುಣೆ, ಸಾತಾರಾ, ಅಹಮದನಗರ ಮತ್ತು ಸೊಲ್ಲಾಪುರ ಜಿಲ್ಲೆಗಳಿಗೆ ಅನ್ವಯಿಸಿತು. ನಮ್ಮ ಪ್ರಶ್ನೆಗೆ ಬೇಕಾದ ಅಂಶ ಮೂರು. ಒಂದು, ಕೋರ್ಟು ಪತ್ರದಲ್ಲಿರುವ ಮೊತ್ತವನ್ನೇ ನಂಬಿ ಕೂರದೆ ಸಾಲದ ಪೂರ್ತಿ ಚರಿತ್ರೆ ಕೆದಕಬಹುದಿತ್ತು. ಎರಡು, ರೈತನಿಗೆ ರಸೀದಿ, ವರ್ಷದ ಲೆಕ್ಕಪಟ್ಟಿ, ಪಾಸ್‌ಬುಕ್ ಕೇಳುವ ಹಕ್ಕು ಬಂತು. ಮೂರು, ಗ್ರಾಮ ರಿಜಿಸ್ಟ್ರಾರ್ ಎದುರು ಪತ್ರ ಬರೆಸಬೇಕಿತ್ತು, ಬರೆದದ್ದನ್ನು ಅವನು ಗಟ್ಟಿಯಾಗಿ ಓದಿ ಹೇಳಬೇಕಿತ್ತು.

ಇದಕ್ಕೆ ಮಿತಿಗಳೂ ಇದ್ದವು. ಕಾಯ್ದೆ ರೈತರಿಗೆ ಮಾತ್ರ. ಹೊಲ ಬಿಟ್ಟು ಗಿರಣಿ ಸೇರಿದವನಿಗೆ ಅದರ ನೆರಳು ಇಲ್ಲ. ಅಕ್ಕಲಕೋಟೆ, ಜತ್ತ ಆಗ ಸಂಸ್ಥಾನಗಳು. ಬ್ರಿಟಿಷ್ ಜಿಲ್ಲೆಯ ಕಾಯ್ದೆ ಅಲ್ಲಿಗೆ ತಾನಾಗಿ ಹೋಗುತ್ತಿರಲಿಲ್ಲ. ಆದರೂ 'ಸಾಲಗಾರನಿಗೆ ಲೆಕ್ಕ ತಿಳಿಸಬೇಕು' ಎಂಬ ತತ್ವ ಸೊಲ್ಲಾಪುರದ ನೆಲದಲ್ಲಿ 1879ರಲ್ಲೇ ಕಾನೂನಾಗಿತ್ತು.

ಮೂರನೇ ಕಾವಲು: ದಾಮದುಪ್ಪಟ್

ದಾಮದುಪ್ಪಟ್ ಹಿಂದೂ ಧರ್ಮಶಾಸ್ತ್ರದಿಂದ ಬಂದ ನಿಯಮ. ಒಂದು ಸಲಕ್ಕೆ ವಸೂಲಿ ಮಾಡುವ ಬಡ್ಡಿ ಉಳಿದ ಅಸಲನ್ನು ಮೀರಬಾರದು. ನೂರು ರೂಪಾಯಿಗೆ ಹೆಚ್ಚೆಂದರೆ ಇನ್ನೂರು. ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದ ಕೋರ್ಟುಗಳು ಇದನ್ನು ಒಪ್ಪುತ್ತಿದ್ದವು, ಮದ್ರಾಸ್ ಪ್ರಾಂತ್ಯದಲ್ಲಿ ಇದು ನಡೆಯುತ್ತಿರಲಿಲ್ಲ. ನಮ್ಮ ಗಡಿನಾಡುಗಳನ್ನು ಈ ಕಣ್ಣಿನಿಂದ ನೋಡಿ. ಸೊಲ್ಲಾಪುರದ ಕನ್ನಡಿಗನಿಗೆ ಈ ತಡೆಗೋಡೆ ಇತ್ತು. ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಸರಗೋಡಿನವನಿಗೆ, ಸೇಲಂ ಜಿಲ್ಲೆಯ ಹೊಸೂರಿನವನಿಗೆ, ಬಳ್ಳಾರಿ ಜಿಲ್ಲೆಯ ಆದೋನಿಯವನಿಗೆ ಇರಲಿಲ್ಲ. ಭಾಷೆ ಒಂದೇ ಆದರೂ ಬಡ್ಡಿಯ ನ್ಯಾಯ ಎರಡಾಗಿತ್ತು.

ಮದ್ರಾಸಿನಲ್ಲಿ ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ರಾಜಾಜಿ ಸರ್ಕಾರದ 1938ರ ಕೃಷಿಕರ ಪರಿಹಾರ ಕಾಯ್ದೆ. ಅದರ ವ್ಯಾಪ್ತಿಗೆ ಬಂದ ಹಳೆಯ ಸಾಲದಲ್ಲಿ ರೈತ ಅಸಲಿನ ಎರಡರಷ್ಟು ಈಗಾಗಲೇ ಕಟ್ಟಿದ್ದರೆ ಸಾಲ ಪೂರ್ತಿ ತೀರಿದಂತೆ. ಮುಂಬೈಯಲ್ಲಿ 1946ರ ಲೇವಾದೇವಿ ಕಾಯ್ದೆ ಬಡ್ಡಿಯ ಡಿಕ್ರಿ ಅಸಲನ್ನು ಮೀರಬಾರದು ಎಂದು ಬರೆದೇ ಹಾಕಿತು. ಆದರೆ ಬ್ಯಾಂಕಿನ ಸಾಲವನ್ನು ಆ ಕಾಯ್ದೆ ಹೊರಗಿಟ್ಟಿತು. ಆಗ ಹಳ್ಳಿಯಲ್ಲಿ ಬ್ಯಾಂಕು ಎಲ್ಲಿತ್ತು? ಯಾರಿಗೂ ಅದು ದೊಡ್ಡದಾಗಿ ಕಾಣಿಸಿರಲಿಕ್ಕಿಲ್ಲ.

ಕಾರ್ಡು: ಕೈಗಡವಾಗಿ ಹುಟ್ಟಿ ಸಾಲವಾಗುವುದು

ನಮ್ಮ ದೇಶದ ಬ್ಯಾಂಕುಗಳಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಮೊದಲು ಕ್ರೆಡಿಟ್ ಕಾರ್ಡ್ ತಂದಿತು. ಇವತ್ತು ಸೊಲ್ಲಾಪುರದಿಂದ ಪುಣೆಗೆ ಹೋಗಿ ಮೊದಲ ಪಗಾರ ತಗೊಂಡ ನಮ್ಮ ಹುಡುಗ ಹುಡುಗಿಯರಿಗೆ ಅದು ತಾನಾಗಿ ಬಂದು ಸೇರುತ್ತದೆ.

ಕಾರ್ಡಿನ ಕೆಲಸವನ್ನು ನಮ್ಮ ಹಳೆಯ ಪದಗಳಲ್ಲೇ ಹೇಳಬಹುದು. ಸಾಮಾನು ಕೊಂಡ ದಿನದಿಂದ ಗಡುವಿನವರೆಗೆ ಅದು ಕೈಗಡ, ಬಡ್ಡಿ ಇಲ್ಲ. ಬಿಲ್ ತಯಾರಾಗುವ ತಾರೀಖು ಒಂದು, ಹಣ ಕಟ್ಟುವ ಗಡುವು ಇನ್ನೊಂದು. ಬಿಲ್ ಆದ ಮಾರನೆಯ ದಿನ ಕೊಂಡರೆ ಸುಮಾರು 50 ದಿನ ಬಡ್ಡಿಯಿಲ್ಲದೆ ಸಿಗುತ್ತದೆ, ಬಿಲ್ಲಿನ ಹಿಂದಿನ ದಿನ ಕೊಂಡರೆ ಸುಮಾರು 20 ದಿನ. ಗಡುವಿನೊಳಗೆ ಬಿಲ್ಲಿನ ಪೂರ್ತಿ ಮೊತ್ತ ಚುಕ್ತಾ ಆದರೆ ಕಥೆ ಅಲ್ಲಿಗೆ ಮುಗಿಯಿತು.

ಪೂರ್ತಿ ಕಟ್ಟದಿದ್ದರೆ ಕೈಗಡ ಸಾಲವಾಗುತ್ತದೆ. ಅದೂ ಗಡುವಿನ ದಿನದಿಂದಲ್ಲ, ಕೊಂಡ ದಿನದಿಂದ. ಬಡ್ಡಿ ಹಿಂದಕ್ಕೂ ಓಡುತ್ತದೆ. ಒಂದು ಲೆಕ್ಕ ಮಾಡೋಣ. ಬಡ್ಡಿ ತಿಂಗಳಿಗೆ 3.5%, ಅಂದರೆ ವರ್ಷಕ್ಕೆ 42% ಎಂದು ಹಿಡಿಯಿರಿ. ಜನವರಿ 6ರಂದು 20,000 ರೂಪಾಯಿಯ ಸಾಮಾನು. ಫೆಬ್ರವರಿ 5ಕ್ಕೆ ಬಿಲ್, 25ಕ್ಕೆ ಗಡುವು. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ 1,000' ಎಂದಿದೆ, ಅಷ್ಟೇ ಕಟ್ಟಿದೆವು. ಮಾರ್ಚ್ 5ರ ಬಿಲ್ಲಿಗೆ 20,000ದ ಮೇಲೆ 50 ದಿನದ ಬಡ್ಡಿ ಸುಮಾರು 1,150, ಉಳಿದ 19,000ದ ಮೇಲೆ 8 ದಿನದ್ದು ಸುಮಾರು 175, ಬಡ್ಡಿಯ ಮೇಲೆ 18% ಜಿಎಸ್‌ಟಿ ಸುಮಾರು 239. ಒಟ್ಟು ಬಾಕಿ 20,564. ಸಾವಿರ ಕಟ್ಟಿದ ಮೇಲೂ ಸಾಲ ಮೊದಲಿಗಿಂತ ದೊಡ್ಡದಾಗಿದೆ! ಜೊತೆಗೆ ಬಾಕಿ ಇರುವಷ್ಟು ಕಾಲ ಹೊಸದಾಗಿ ಕೊಂಡ ಅಕ್ಕಿ ಬೇಳೆಗೂ ಬಡ್ಡಿರಹಿತ ದಿನಗಳು ಸಿಗೋದಿಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ. ಅದು ಹುಟ್ಟುವಾಗಲೇ ಸಾಲ.

ಈಗ ಮೂರು ಕಾವಲುಗಳನ್ನು ಕಾರ್ಡಿಗೆ ಹಚ್ಚಿ ನೋಡೋಣ.

ದಾಮದುಪ್ಪಟ್ ಇಲ್ಲಿಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 1984ರಲ್ಲಿ 21ಎ ಎಂಬ ಕಲಮು ಸೇರಿತು. ಬಡ್ಡಿ ಅತಿಯಾಯಿತು ಎಂಬ ಕಾರಣಕ್ಕೆ ಬ್ಯಾಂಕಿನ ವ್ಯವಹಾರವನ್ನು ಕೋರ್ಟು ಮತ್ತೆ ತೆರೆಯಬಾರದು ಎಂದು ಅದು ಹೇಳುತ್ತದೆ. 1879ರಲ್ಲಿ ತೆರೆದ ಬಾಗಿಲು ಬ್ಯಾಂಕಿನ ಮಟ್ಟಿಗೆ ಮುಚ್ಚಿತು. ಗಡುವು ತಪ್ಪಿದ ಕಾರ್ಡುದಾರರಿಂದ ವರ್ಷಕ್ಕೆ 30%ಕ್ಕಿಂತ ಹೆಚ್ಚು ಬಡ್ಡಿ ತಗೊಳ್ಳುವುದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮೇಲಿನ ದರದಲ್ಲಿ ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ಮುಟ್ಟದೆ ಬಿಟ್ಟ ಬಾಕಿ ಸುಮಾರು 20 ತಿಂಗಳಲ್ಲಿ ಇಮ್ಮಡಿಯಾಗುತ್ತದೆ. ನಮ್ಮ ಹಿರಿಯರ ನ್ಯಾಯ 'ಸಾಕು' ಎನ್ನುತ್ತಿದ್ದ ಜಾಗ ಅದು. ಇಲ್ಲಿ ಹಾಗೆ ಹೇಳುವವರಿಲ್ಲ.

ವಹಿ ಇದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಬಿಲ್ ಬಂದ ಮೇಲೆ ಕಟ್ಟಲು ಕನಿಷ್ಠ ಹದಿನೈದು ದಿನವಾದರೂ ಇರಬೇಕು. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಸಾಲ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ ಎಂದು ಬಿಲ್ಲಿನಲ್ಲೇ ಎಚ್ಚರಿಸಬೇಕು. ಷರತ್ತುಗಳು ಸರಳವಾಗಿರಬೇಕು, ಸಾಧ್ಯವಾದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿರಬೇಕು. ಗಡಿನಾಡಿನ ಗಂಟು ಇಲ್ಲಿದೆ. ಸೊಲ್ಲಾಪುರದಲ್ಲಿ ಸ್ಥಳೀಯ ಭಾಷೆ ಅಂದರೆ ಮರಾಠಿ, ಕಾಸರಗೋಡಿನಲ್ಲಿ ಮಲಯಾಳ, ಹೊಸೂರಿನಲ್ಲಿ ತಮಿಳು. ಮನೆಯಲ್ಲಿ ಕನ್ನಡದಲ್ಲಿ ಲೆಕ್ಕ ಮಾಡುವವರಿಗೆ ಆ ಸಾಲಿನಲ್ಲಿ ಜಾಗ ಇಲ್ಲ. ಕಾಗದ ಇದೆ, ಗಟ್ಟಿಯಾಗಿ ಓದಿ ಹೇಳುವ ಗ್ರಾಮ ರಿಜಿಸ್ಟ್ರಾರ್ ಇಲ್ಲ.

ಇನ್ನು ಉಳಿದದ್ದು ಗಡುವು. ಅದೊಂದೇ ನಮ್ಮ ಕೈಯಲ್ಲಿರುವುದು. ಅದೇ ನಿರ್ದೇಶನದಲ್ಲಿ ಕಾರ್ಡುದಾರರು ಬಿಲ್ಲಿನ ಚಕ್ರವನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕಿದೆ. ಅಂದರೆ ಗಡುವನ್ನು ಪಗಾರದ ನಂತರದ ದಿನಕ್ಕೆ ತಂದುಕೊಳ್ಳಬಹುದು. ಗಿರಣಿ ಕಾಲದ ಉದ್ರಿ ಮಾಡುತ್ತಿದ್ದದ್ದು ಇದನ್ನೇ.

ಚರ್ಚೆಯಲ್ಲಿ ಬಂದ ಪ್ರಶ್ನೆ

ಗೋಷ್ಠಿಯ ಕೊನೆಗೆ ಒಬ್ಬ ಅಧ್ಯಾಪಕರು ಕೇಳಿದರು: "ಹಾಗಾದರೆ ಕಾರ್ಡು ಬೇಡ ಅಂತೀರಾ?" ನಾನು ಹಾಗೆ ಅಂದಿಲ್ಲ ಸರ್. ಬಡ್ಡಿಯಿಲ್ಲದೆ ಐವತ್ತು ದಿನದ ಕೈಗಡ ಯಾವ ಸಾವಕಾರನೂ ಕೊಡ್ತಿರಲಿಲ್ಲ. ನಮ್ಮ ಜನಕ್ಕೆ ಕೈಗಡ ಯಾವುದು, ಸಾಲ ಯಾವುದು ಅಂತ ಗೊತ್ತು. ಕಾರ್ಡಿನಲ್ಲಿ ಆ ಗೆರೆ ಎಲ್ಲಿದೆ ಅಂತ ಅವರ ಮಾತಿನಲ್ಲಿ ಯಾರೂ ಹೇಳಿಲ್ಲ, ಅಷ್ಟೇ. 'ಮಿನಿಮಮ್ ಡ್ಯೂ' ಎಂಬುದನ್ನು ನಾವು 'ಕನಿಷ್ಠ ಬಾಕಿ' ಎಂದು ಅನುವಾದಿಸಿದರೆ ಅದು ತೀರಿಸಿದ ಸಮಾಧಾನ ಕೊಡುತ್ತದೆ. 'ಸಾಲಕ್ಕೆ ಒಪ್ಪಿಗೆ' ಎಂದರೆ ಅದರ ನಿಜವಾದ ಕೆಲಸ ತಿಳಿಯುತ್ತದೆ. ಗಡಿನಾಡಿನ ಕನ್ನಡ ವಿಭಾಗಗಳು ಪದಕೋಶ ಮಾಡುವಾಗ ಹಳೆಯ ವಹಿಯ ಪದಗಳ ಜೊತೆಗೆ ಈ ಹೊಸ ವಹಿಯ ಹತ್ತಿಪ್ಪತ್ತು ಪದಗಳನ್ನೂ ಸೇರಿಸಿ, ಒಂದು ಪುಟದ ಬಿಲ್ಲನ್ನು ಕನ್ನಡದಲ್ಲಿ ಬಿಡಿಸಿ ತೋರಿಸಬೇಕು ಎಂಬುದು ನನ್ನ ಬೇಡಿಕೆ. ದಾಮದುಪ್ಪಟ್ ವಾಪಸ್ ತರುವ ಶಕ್ತಿ ನಮಗಿಲ್ಲ. ಓದಿ ಹೇಳುವ ಕೆಲಸವನ್ನಾದರೂ ನಾವು ಮಾಡಬಹುದು.