ಗಡುಸು ಪ್ಲಾಸ್ಟಿಕ್ ಪಾತ್ರೆಗಳ ಚರಿತ್ರೆಯೂ ‘ಮರುಬಳಕೆ’ ಎಂಬ ಶಬ್ದವೂ

ದಿನಪತ್ರಿಕೆಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ‘ಮರುಬಳಕೆ’ ಎಂಬ ಶಬ್ದವು ಈಗ ಎರಡು ಭಿನ್ನಾರ್ಥಗಳಲ್ಲಿ ಪ್ರಯುಕ್ತವಾಗುತ್ತಿರುತ್ತದೆ. ಬರಿದಾದ ಕುಪ್ಪಿಯನ್ನು ತೊಳೆದು ಪುನಃ ತುಂಬುವುದೂ ಮರುಬಳಕೆಯೇ. ಅದನ್ನು ಚೂರುಮಾಡಿ ಕರಗಿಸಿ ಬೇರೊಂದು ವಸ್ತುವನ್ನು ಎರೆಯುವುದೂ ಮರುಬಳಕೆಯೇ. ಮೊದಲನೆಯದರಲ್ಲಿ ಪಾತ್ರೆಯು ಉಳಿಯುತ್ತದೆ. ಎರಡನೆಯದರಲ್ಲಿ ಪಾತ್ರೆಯು ಅಳಿದು ದ್ರವ್ಯಮಾತ್ರ ಉಳಿಯುತ್ತದೆ. ಈ ಭೇದವು ವೈಯಾಕರಣರ ವಿನೋದಕ್ಕೆ ಮಾತ್ರ ಸೇರಿದುದೆಂದು ಭಾವಿಸಲಾಗದು. ಕುಪ್ಪಿ, ಭರಣಿ, ಡಬ್ಬಿ, ಮುಚ್ಚಳ ಮೊದಲಾದ ಗಡುಸು ಪ್ಲಾಸ್ಟಿಕ್ ಪಾತ್ರೆಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಆ ವ್ಯಾಪಾರದ ಗತಿಯೂ ಅದರ ವಿಷಯದಲ್ಲಿ ಹುಟ್ಟಿರುವ ಶಾಸನಗಳೂ ಈ ಭೇದವನ್ನೇ ಅವಲಂಬಿಸಿರುವುದು ಕಂಡುಬರುತ್ತದೆ.

‘ಪ್ಲಾಸ್ಟಿಕ್’ ಶಬ್ದದ ಮೂಲವು ಗ್ರೀಕ್ ಭಾಷೆಯಲ್ಲಿರುವುದು; ತಿದ್ದಿ ರೂಪುಕೊಡಲು ಬರುವಂಥದು ಎಂಬುದು ಅದರ ಅರ್ಥ. ವ್ಯುತ್ಪತ್ತಿಯನ್ನೇ ಹಿಡಿದು ಹೊರಟರೆ ಕುಂಬಾರನ ಜೇಡಿಮಣ್ಣೂ ಪ್ಲಾಸ್ಟಿಕ್ಕೇ ಆಗಬೇಕು! ರೂಢಿಯು ಯೋಗಾರ್ಥವನ್ನು ಮೀರಿದುದರಿಂದ, ಈಗ ಆ ಹೆಸರು ಬಹುಮಟ್ಟಿಗೆ ಕಲ್ಲೆಣ್ಣೆಯಿಂದಲೂ ನೈಸರ್ಗಿಕಾನಿಲದಿಂದಲೂ ಸಾಧಿತವಾದ ದ್ರವ್ಯಗಳಿಗೆ ನಿಂತಿದೆ. ಇವುಗಳಲ್ಲಿ ಪಾತ್ರೆಗಳಿಗೆ ಮುಖ್ಯವಾದ ಪಾಲಿಎಥಿಲೀನು ದೊರೆತುದು ಆಕಸ್ಮಿಕವಾಗಿ. ೧೯೩೩ನೆಯ ಇಸವಿಯ ಮಾರ್ಚಿಯಲ್ಲಿ ಇಂಗ್ಲೆಂಡಿನ ವಿನ್ನಿಂಗ್‌ಟನ್ನಿನಲ್ಲಿ ಗಿಬ್ಸನ್, ಫಾಸೆಟ್ ಎಂಬ ರಸಾಯನಜ್ಞರು ಎಥಿಲೀನ್ ಅನಿಲವನ್ನು ಅತ್ಯಧಿಕವಾದ ಒತ್ತಡಕ್ಕೆ ಗುರಿಮಾಡಿದಾಗ, ಪಾತ್ರದಲ್ಲಿ ಮೇಣದಂತಹ ಬಿಳಿಯ ಘನವಸ್ತುವೊಂದು ನಿಂತಿತು. ಯುದ್ಧಕಾಲದಲ್ಲಿ ಅದು ರೇಡಾರ್ ಯಂತ್ರಗಳ ತಂತಿಗಳಿಗೆ ಹೊದಿಕೆಯಾಯಿತು. ಅಡಿಗೆಮನೆಯನ್ನು ಹೊಕ್ಕುದು ಆಮೇಲೆ. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರನು ಅಲ್ಪವಾದ ಒತ್ತಡದಲ್ಲಿಯೇ ಅದನ್ನು ಸಾಧಿಸುವ ಕ್ರಮವನ್ನು ಕಂಡುಹಿಡಿದನು. ಹೀಗೆ ಹುಟ್ಟಿದ ಪಾಲಿಎಥಿಲೀನು ಮೊದಲಿನದಕ್ಕಿಂತ ಗಡುಸಾದುದು; ಹಾಲು, ಎಣ್ಣೆ, ಸಾಬೂನಿನ ದ್ರಾವಣ ಇವುಗಳ ಡಬ್ಬಗಳಿಗೆ ಇದೇ ಆಧಾರ.

ನೀರಿನ ಕುಪ್ಪಿಯ ವೃತ್ತಾಂತವು ಇನ್ನೂ ವಿಚಿತ್ರವಾಗಿದೆ. ‘ಪೆಟ್’ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ದ್ರವ್ಯವನ್ನು ೧೯೪೧ರಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಎಂಬವರು ಸಾಧಿಸಿದುದು ಪಾತ್ರೆಗಾಗಿ ಅಲ್ಲ, ನೂಲಿಗಾಗಿ. ಅವರು ಕೆಲಸಮಾಡುತ್ತಿದ್ದುದು ಬಟ್ಟೆಗೆ ಅಚ್ಚುಹಾಕುವ ವರ್ತಕರ ಸಂಸ್ಥೆಯೊಂದರಲ್ಲಿ. ಅಮೆರಿಕದ ನಥಾನಿಯಲ್ ವೈಯೆಥನು ಆ ದ್ರವ್ಯವನ್ನು ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸಿ ಊದಿದರೆ, ಅನಿಲ ತುಂಬಿದ ಪಾನೀಯಗಳ ಒತ್ತಡವನ್ನು ತಡೆಯಬಲ್ಲ ತೆಳುವಾದ ಕುಪ್ಪಿಯಾಗುವುದೆಂದು ತೋರಿಸಿ ೧೯೭೩ರಲ್ಲಿ ಹಕ್ಕುಪತ್ರವನ್ನು ಪಡೆದನು. ಊದಿ ಎರೆಯುವ ಈ ಕ್ರಮವು ಗಾಜಿನ ಕೆಲಸದವರಿಂದ ಬಂದುದು. ಪದ್ಧತಿಯನ್ನು ಗಾಜಿನಿಂದ ಎರವು ಪಡೆದ ವಸ್ತುವು ಗಾಜನ್ನೇ ಅಂಗಡಿಯಿಂದ ಹೊರಡಿಸಿತು.

ಹೊರಡಿಸಿದುದಕ್ಕೆ ಕಾರಣವು ಅದರ ಹಗುರತೆ. ಗಾಜಿನ ಕುಪ್ಪಿಯು ಭಾರವಾದುದು, ಒಡೆಯತಕ್ಕದ್ದು. ಆದಕಾರಣ ವರ್ತಕನು ಕೊಳ್ಳುವವನಿಂದ ಮುಂಗಡವನ್ನು ಹಿಡಿದಿಟ್ಟುಕೊಂಡು, ಬರಿಯ ಕುಪ್ಪಿಯು ಹಿಂದಿರುಗಿದಾಗ ಅದನ್ನು ಮರಳಿ ಕೊಡುತ್ತಿದ್ದನು. ಹಗುರವಾದ ಕುಪ್ಪಿಯು ಬಂದಮೇಲೆ ಹಿಂದಕ್ಕೆ ತರುವ ವೆಚ್ಚವೂ ತೊಳೆಯುವ ವೆಚ್ಚವೂ ಅವನಿಗೆ ಉಳಿದುವು. ಆ ವೆಚ್ಚವು ಇಲ್ಲವಾಯಿತೆಂದು ತಿಳಿಯಬಾರದು. ಅದು ಪೌರಸಭೆಯ ಮೇಲೆಯೂ, ಬೀದಿಯಲ್ಲಿ ಚಿಂದಿ ಆಯುವವರ ಬೆನ್ನಿನ ಮೇಲೆಯೂ, ಕೆರೆತೊರೆಗಳ ಮೇಲೆಯೂ ಬಿದ್ದಿತು. ೨೦೧೭ರಲ್ಲಿ ಪ್ರಕಟವಾದ ಗೇಯರ್ ಮೊದಲಾದವರ ಗಣನೆಯಂತೆ, ೨೦೧೫ರವರೆಗೆ ಜಗತ್ತಿನಲ್ಲಿ ಕಸವಾಗಿಹೋದ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಸುಮಾರು ೯ ಪಾಲು ಮಾತ್ರ ಕರಗಿ ಮತ್ತೆ ವಸ್ತುವಾಯಿತು. ೧೨ ಪಾಲು ಸುಡಲ್ಪಟ್ಟಿತು. ಉಳಿದುದು ನೆಲದಲ್ಲಿಯೋ ನೀರಿನಲ್ಲಿಯೋ ಉಳಿಯಿತು.

ಕರಗಿಸುವುದಕ್ಕೂ ಬೇರ್ಪಡಿಸುವುದು ಪೂರ್ವಾಂಗ. ಪೆಟ್ಟಿನ ಚೂರುಗಳು ನೀರಿನಲ್ಲಿ ಮುಳುಗುತ್ತವೆ. ಪಾಲಿಎಥಿಲೀನು, ಪಾಲಿಪ್ರೊಪಿಲೀನುಗಳ ಮುಚ್ಚಳದ ಚೂರುಗಳು ತೇಲುತ್ತವೆ. ಈ ಸುಲಭವಾದ ಉಪಾಯದಿಂದಲೇ ದೊಡ್ಡ ಕಾರ್ಖಾನೆಗಳೂ ನಡೆಯುತ್ತವೆ. ಆದರೆ ಕಲ್ಲೆಣ್ಣೆಯ ಬೆಲೆಯು ಇಳಿದಾಗ ಹೊಸ ದ್ರವ್ಯವು ಹಳೆಯದಕ್ಕಿಂತ ಅಗ್ಗವಾಗುತ್ತದೆ. ೨೦೧೫ರ ಸುಮಾರಿಗೆ ಹೀಗಾಗಿ ಕರಗಿಸುವವರು ಬಹಳ ನಷ್ಟಪಟ್ಟರು. ಪೇಟೆಯ ಧಾರಣೆಯನ್ನೇ ನಂಬಿದರೆ ಈ ಕಾರ್ಯವು ನಿಲ್ಲದೆಂಬುದು ತಿಳಿದುಬಂದುದರಿಂದ ರಾಜ್ಯಶಾಸನವು ನಡುವೆ ಪ್ರವೇಶಿಸಿತು. ಜರ್ಮನಿಯು ೨೦೦೩ರಲ್ಲಿ ಒಮ್ಮೆ ಬಳಸಿ ಬಿಡುವ ಪಾನೀಯಪಾತ್ರೆಗಳಿಗೂ ಹಳೆಯ ಮುಂಗಡದ ಪದ್ಧತಿಯನ್ನೇ ವಿಧಿಸಿತು. ಭಾರತದಲ್ಲಿ ೨೦೨೨ರ ಫೆಬ್ರವರಿಯ ವಿಧಿಗಳು ಗಡುಸು ಪಾತ್ರೆಗಳನ್ನು ಪ್ರಥಮವರ್ಗವೆಂದು ವಿಂಗಡಿಸಿ, ಅವುಗಳಲ್ಲಿ ಹಳೆಯ ದ್ರವ್ಯವು ೨೦೨೫–೨೬ರಲ್ಲಿ ನೂರಕ್ಕೆ ೩೦ರಷ್ಟೂ ೨೦೨೮–೨೯ರಲ್ಲಿ ೬೦ರಷ್ಟೂ ಇರತಕ್ಕದ್ದೆಂದು ಗೊತ್ತುಮಾಡಿದುವು. ಪಾತ್ರೆಯನ್ನು ತೊಳೆದು ತುಂಬುವುದಕ್ಕೆ ಅವೇ ವಿಧಿಗಳು ಬೇರೆ ಪ್ರಮಾಣವನ್ನು ಇಟ್ಟಿವೆ. ಬೆಂಗಳೂರಿನ ಮನೆಗಳಿಗೆ ಬರುವ ೨೦ ಲೀಟರಿನ ನೀರಿನ ಕ್ಯಾನು ಈ ಎರಡನೆಯ ಪ್ರಮಾಣಕ್ಕೆ ಒಳಪಡತಕ್ಕದ್ದು. ಶಾಸನವು ಎರಡಾಗಿ ಎಣಿಸಿದುದನ್ನು ಕನ್ನಡದಲ್ಲಿ ‘ಮರುಬಳಕೆ’ ಎಂದು ಒಂದಾಗಿ ಓದಿದರೆ ವಿಧಿಯ ಅರ್ಥವೇ ಕೆಡುತ್ತದೆ.

ಈ ಸಂದರ್ಭದಲ್ಲಿ ಧರ್ಮಶಾಸ್ತ್ರದ ದ್ರವ್ಯಶುದ್ಧಿಪ್ರಕರಣವು ಸ್ಮರಣೀಯವಾಗಿದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಲೋಹಪಾತ್ರೆಗಳಿಗೆ ಬೂದಿ, ನೀರು, ಮಣ್ಣುಗಳಿಂದ ಶುದ್ಧಿಯನ್ನೂ ಮಣ್ಣಿನ ಪಾತ್ರೆಗೆ ಪುನಃಪಾಕವನ್ನೂ, ಎಂದರೆ ಮತ್ತೆ ಸುಡುವುದನ್ನೂ, ವಿಧಿಸಿದೆ. ಮದ್ಯಮೂತ್ರಾದಿಗಳು ಸೋಕಿದ ಮಣ್ಣಿನ ಪಾತ್ರೆಗೆ ಪುನಃಪಾಕದಿಂದಲೂ ಶುದ್ಧಿಯಿಲ್ಲವೆಂದು ಅಲ್ಲಿಯೇ ಹೇಳಿದೆ. ದ್ರವ್ಯವು ಹಿಂದೆ ಯಾವುದನ್ನು ಹೊತ್ತಿತ್ತೆಂಬ ಪ್ರಶ್ನೆಯು ಇಂದಿಗೂ ಸತ್ತಿಲ್ಲ: ೨೦೧೮ರ ಆಹಾರನಿಯಮಗಳು ಕರಗಿಸಿದ ಪ್ಲಾಸ್ಟಿಕ್ಕನ್ನು ಆಹಾರಪಾತ್ರೆಗಳಿಗೆ ನಿಷೇಧಿಸಿದ್ದು, ೨೦೨೨ರಲ್ಲಿ ನಿಯತವಾದ ಪರೀಕ್ಷೆಗಳಿಗೆ ಒಳಪಟ್ಟು ಅದಕ್ಕೆ ಅವಕಾಶವಾಯಿತು. ಹಾಗಾದುದರಿಂದ ತೊಳೆದು ತುಂಬುವುದಕ್ಕೆ ‘ಮರುಬಳಕೆ’ ಎಂಬುದನ್ನೇ ಉಳಿಸಿಕೊಂಡು, ಕರಗಿಸಿ ಎರೆಯುವುದಕ್ಕೆ ‘ಪುನಃಪಾಕ’ ಎಂಬುದನ್ನು ಗ್ರಹಿಸುವುದು ಯುಕ್ತವಾಗಿ ತೋರುತ್ತದೆ. ಸ್ಮೃತಿಯ ಪುನಃಪಾಕದಲ್ಲಿ ಮಡಕೆಯು ಮಡಕೆಯಾಗಿಯೇ ಉಳಿಯುವುದರಿಂದ ಸಾಮ್ಯವು ಪೂರ್ಣವಲ್ಲವೆಂಬ ಆಕ್ಷೇಪವು ಬರಬಹುದು. ಅಗ್ನಿಯಿಂದ ದ್ರವ್ಯವನ್ನು ಮತ್ತೆ ಯೋಗ್ಯವಾಗಿ ಮಾಡುವುದೆಂಬ ಅಂಶವು ಎರಡರಲ್ಲಿಯೂ ಸಮಾನವಾಗಿರುವುದರಿಂದ ಲಕ್ಷಣೆಯು ಇಲ್ಲಿ ಸಲ್ಲುತ್ತದೆ. ಆದರೆ ದ್ರವ್ಯವನ್ನು ಕರಗಿಸುವಷ್ಟಕ್ಕೇ ನಿಲ್ಲದೆ, ರಸಾಯನಕ್ರಿಯೆಯಿಂದ ಅದರ ಮೂಲಘಟಕಗಳಿಗೇ ಒಡೆದು ಮರಳಿ ಕಟ್ಟುವ ಕ್ರಮವೊಂದುಂಟು. ಅಲ್ಲಿ ಪಾತ್ರೆಯೂ ಉಳಿಯದು, ದ್ರವ್ಯವೂ ಉಳಿಯದು. ಅದಕ್ಕೆ ಈ ಎರಡು ಶಬ್ದಗಳಲ್ಲಿ ಯಾವುದೂ ಹೊಂದುವುದಿಲ್ಲ.