ಒಂಬತ್ತು ಅಂಕಿಗಳು ಮತ್ತು ಒಂದು ಸೊನ್ನೆ

ಪಾಶ್ಚಾತ್ಯ ನಾಗರಿಕತೆಯ ಚರಿತ್ರೆ ಬರೆಯುವವರಲ್ಲಿ ಅನೇಕರು ಗ್ರೀಸಿನಿಂದ ಹೊರಟು, ರೋಮಿನಲ್ಲಿ ತುಸು ತಂಗಿ, ಅಲ್ಲಿಂದ ನೇರವಾಗಿ ಪುನರುಜ್ಜೀವನ ಕಾಲದ ಇಟಲಿಗೆ ಹಾರಿಬಿಡುತ್ತಾರೆ. ನಡುವಿನ ಶತಮಾನಗಳೆಲ್ಲ 'ಅಂಧಕಾರ ಯುಗ' ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತವೆ. ಆದರೆ ಆ ಗ್ರಂಥಗಳ ಪುಟಸಂಖ್ಯೆಗಳನ್ನೇ ನೋಡಿ. ಆ ಅಂಕಿಗಳು ಗ್ರೀಸಿನವೂ ಅಲ್ಲ, ರೋಮಿನವೂ ಅಲ್ಲ.

ಗ್ರೀಕರ ಹಮ್ಮಿಗೆ ಬಹಳ ಹಿಂದೆಯೇ ಉತ್ತರ ಕೊಟ್ಟವರು ಓರ್ವ ಕ್ರೈಸ್ತ ವಿದ್ವಾಂಸರು. ಯೂಫ್ರಟೀಸ್ ನದಿಯ ದಡದ ಕೆನ್ನೆಶ್ರೆಯ ಬಿಷಪ್ ಸೆವೆರಸ್ ಸೆಬೋಖ್ತ್ 662ರಲ್ಲಿ ಬರೆಯುತ್ತಾ, ಜ್ಞಾನವೆಲ್ಲ ಗ್ರೀಕ್ ಬಲ್ಲವರದ್ದೇ ಎಂದು ಭಾವಿಸುವವರಿಗೆ ಹಿಂದ್‌ನವರ ಒಂಬತ್ತು ಚಿಹ್ನೆಗಳ ಲೆಕ್ಕಾಚಾರವನ್ನು ತೋರಿಸಿಕೊಟ್ಟರು. ಅದಕ್ಕೂ ಮೊದಲೇ, 628ರಲ್ಲಿ, ಬ್ರಹ್ಮಗುಪ್ತರು ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಿಟ್ಟಿದ್ದರು.

ಅಬ್ಬಾಸಿ ಖಲೀಫ ಅಲ್ ಮನ್ಸೂರರ ಕಾಲದಲ್ಲಿ ಭಾರತದ ಖಗೋಳ ವಿದ್ಯೆ ಬಗ್ದಾದನ್ನು ತಲುಪಿ ಅರಬಿ ಭಾಷೆಗೆ ಇಳಿಯಿತು. ಮುಂದೆ ಖಲೀಫ ಮಅ್‌ಮೂನರ ಆಶ್ರಯದಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಈ ಅಂಕಿಗಳ ಕುರಿತು ಒಂದು ಗ್ರಂಥವನ್ನೇ ರಚಿಸಿದರು. ಅವರ ಬೀಜಗಣಿತ ಗ್ರಂಥದ ಬಹುದೊಡ್ಡ ಭಾಗ ವಸಿಯ್ಯತ್ ಮತ್ತು ವಾರೀಸು ಹಂಚಿಕೆಯ ಲೆಕ್ಕಗಳಿಗೇ ಮೀಸಲಾಗಿದೆ. ಮದ್ರಸಾದಲ್ಲಿ ಫರಾಇಝ್ ಕಲಿತವರಿಗೆ ಆ ಲೆಕ್ಕಗಳ ತೊಡಕು ಗೊತ್ತೇ ಇದೆ.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಸೊನ್ನೆಯನ್ನು ಕಂಡುಹಿಡಿದವರು ಮುಸ್ಲಿಮರೆಂದು ನಮ್ಮ ವೇದಿಕೆಗಳಲ್ಲಿ ಕೆಲವರು ಆವೇಶದಿಂದ ಸಾರುವುದುಂಟು. ಖ್ವಾರಿಝ್ಮಿಯವರೇ ಅದನ್ನು ಒಪ್ಪುತ್ತಿರಲಿಲ್ಲ. ಅವರು ತಾವು ವಿವರಿಸುತ್ತಿರುವುದು ಹಿಂದ್‌ನವರ ಲೆಕ್ಕವೆಂದೇ ಬರೆದವರು. ಅಲ್ ಕಿಂದಿಯವರೂ ತಮ್ಮ ಗ್ರಂಥದಲ್ಲಿ ಅದನ್ನು ಹಿಂದ್‌ನ ಲೆಕ್ಕವೆಂದೇ ಕರೆದರು. ಕಲಿತದ್ದು ಯಾರಿಂದ ಎಂದು ಹೇಳುವುದರಿಂದ ಬಗ್ದಾದಿನ ಘನತೆ ಕುಗ್ಗಲಿಲ್ಲ. ಹಾಗಿರುವಾಗ, ಅವರು ಕೇಳದಿದ್ದ ಕೀರ್ತಿಯನ್ನು ನಾವೇಕೆ ಅವರ ತಲೆಗೆ ಕಟ್ಟಬೇಕು?

ಯುರೋಪಿಗೆ ಈ ವಿದ್ಯೆ ಮುಟ್ಟಿದ್ದು ನಿಧಾನವಾಗಿ. 976ರಲ್ಲಿ ಸ್ಪೇನಿನ ಮಠವೊಂದರಲ್ಲಿ ಬರೆದ ಹಸ್ತಪ್ರತಿಯಲ್ಲಿ ಒಂಬತ್ತು ಅಂಕಿಗಳಿವೆ, ಸೊನ್ನೆಯಿಲ್ಲ. ಪೀಸಾ ನಗರದ ಲಿಯೊನಾರ್ಡೊ, ಅಂದರೆ ನಾವು ಫಿಬೊನಾಚಿ ಎಂದು ಕರೆಯುವವರು, ತಂದೆ ನೌಕರಿಯಲ್ಲಿದ್ದ ಉತ್ತರ ಆಫ್ರಿಕಾದ ಬಿಜಾಯಾ ಬಂದರಿನಲ್ಲಿ ಬಾಲ್ಯದಲ್ಲೇ ಈ ಲೆಕ್ಕವನ್ನು ಕಲಿತರು. 1202ರ ತಮ್ಮ ಗ್ರಂಥದಲ್ಲಿ ಅವರೂ ಅವುಗಳನ್ನು ಹಿಂದ್‌ನವರ ಅಂಕಿಗಳೆಂದೇ ಪರಿಚಯಿಸಿದರು. ಆದರೂ ಜನ ಸುಲಭವಾಗಿ ನಂಬಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಈ ಅಂಕಿಗಳನ್ನು ನಿಷೇಧಿಸಿತು. ಸೊನ್ನೆಗೊಂದು ಬಾಲ ಎಳೆದರೆ ಅದು 6 ಅಥವಾ 9 ಆಗಿಬಿಡುತ್ತದಲ್ಲ! ಇಂದಿಗೂ ನಾವು ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರಗಳಲ್ಲಿಯೂ ಬರೆಯುತ್ತೇವೆ.

ನಿಷೇಧ ಬಹುಕಾಲ ನಿಲ್ಲಲಿಲ್ಲ, ವ್ಯಾಪಾರ ಗೆದ್ದಿತು. ಸಂಸ್ಕೃತದ 'ಶೂನ್ಯ' ಅರಬಿಯಲ್ಲಿ 'ಸಿಫ್ರ್' ಆಗಿತ್ತು. ಅದೇ ಇಟಲಿಯಲ್ಲಿ ನುಣುಪಾಗುತ್ತಾ 'ಝೀರೋ' ಆಯಿತು. ಖ್ವಾರಿಝ್ಮಿ ಎಂಬ ಹೆಸರು ಲ್ಯಾಟಿನ್ ನಾಲಗೆಯಲ್ಲಿ ತಿರುಚಿಕೊಂಡು ಇಂದಿನ ಕಂಪ್ಯೂಟರ್ ಲೋಕದ 'ಅಲ್ಗಾರಿದಮ್' ಆಗಿದೆ. ಪಶ್ಚಿಮದವರು ಈ ಅಂಕಿಗಳನ್ನು ಅರಬಿ ಅಂಕಿಗಳೆಂದು ಕರೆಯುತ್ತಾರೆ. ಅರಬರು ಮಾತ್ರ ತಾವು ಬಳಸುವ ಅಂಕಿಗಳಿಗೆ ಇಂದಿಗೂ 'ಅರ್ಕಾಮ್ ಹಿಂದಿಯ್ಯಾ' ಎನ್ನುತ್ತಾರೆ.